ಡೆವನ್ನಿನವರ ಕಾಲು, ಬೆಂಗಳೂರಿನವರ ತಕ್ಕಡಿ

ಇಂಗ್ಲೆಂಡಿನ ನೈಋತ್ಯ ಭಾಗದ ಡೆವನ್ ಜಿಲ್ಲೆಯಲ್ಲಿ ನೂರಾರು ವರ್ಷ ಹಳೆಯ ಮಣ್ಣಿನ ಮನೆಗಳಲ್ಲಿ ಜನ ಇವತ್ತಿಗೂ ಸಂಸಾರ ಮಾಡುತ್ತಿದ್ದಾರೆ. ಆ ಗೋಡೆಗೆ ಅಲ್ಲಿನವರು ‘ಕಾಬ್’ ಅನ್ನುತ್ತಾರೆ. ಕಾಬ್ ಕಲಿಸುವ ಶಿಬಿರಗಳಲ್ಲಿ ಟಾರ್ಪಾಲಿನ ಮೇಲೆ ಮಣ್ಣು, ಮರಳು, ಹುಲ್ಲು ಸುರಿದು ತುಳಿಯುವುದೇ ಮುಖ್ಯ ಕೆಲಸ. ಮಣ್ಣಿಗೆ ತುಸು ಸಿಮೆಂಟು ಬೆರೆಸಿ ಅಚ್ಚಿನಲ್ಲಿ ಒತ್ತಿ ಮಾಡುವ ನಮ್ಮ ಇಟ್ಟಿಗೆ, ಅಂದರೆ ಮಡ್ ಬ್ಲಾಕ್, ಬೆಳೆದ ದಾರಿ ಬೇರೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ, ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರದವರು ಜರಡಿ, ತಕ್ಕಡಿ, ಕೈಯಿಂದ ಒತ್ತುವ ಯಂತ್ರ ಇಟ್ಟುಕೊಂಡು ಅದನ್ನು ರೂಪಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಡೆವನ್ನಿನವರಿಗೆ ನಮ್ಮ ತಕ್ಕಡಿ ಬೇಕು, ನಮಗೆ ಅವರ ಸಾವಧಾನ ಬೇಕು ಅನಿಸುತ್ತದೆ.

ಮೊದಲು ಮಣ್ಣಿನ ಮಾತು. ಎರಡೂ ಕಡೆಯ ಶಿಬಿರಗಳಲ್ಲಿ ಬಾಟಲಿ ಪರೀಕ್ಷೆ ಮಾಡಿಸುತ್ತಾರೆ: ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು, ಚೆನ್ನಾಗಿ ಕುಲುಕಿ ಇಡುವುದು. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ, ಜೇಡಿಗೆ ದಿನವೇ ಬೇಕು. ಆದರೆ ಆ ಪದರಗಳನ್ನು ಸ್ಕೇಲಿನಲ್ಲಿ ಅಳೆದು ಶೇಕಡಾವಾರು ಬರೆಸುವುದು ಸರಿಯಲ್ಲ. ನೀರಲ್ಲಿ ಜೇಡಿ ಉಬ್ಬಿರುತ್ತದೆ, ಹಾಗಾಗಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಅದಕ್ಕಿಂತ ಮೋಸಗಾರ ಹೂಳು. ಮುಟ್ಟಿದರೆ ಜೇಡಿಯಂತೆಯೇ ನುಣುಪು, ಅಂಟು ಮಾತ್ರ ಇಲ್ಲ. ಕೈ ತೊಳೆದು ನೋಡಿ: ಹೂಳಾದರೆ ಸಲೀಸಾಗಿ ಹೋಗುತ್ತದೆ, ಜೇಡಿಯಾದರೆ ಉಜ್ಜಬೇಕು. ಇದರ ಜೊತೆಗೆ 60 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 4 ಸೆಂ.ಮೀ. ಆಳದ ಮರದ ಅಚ್ಚಿಗೆ ಹಸಿ ಮಣ್ಣು ತುಂಬಿ ಒಣಗಿಸಿದರೆ ಎಷ್ಟು ಕುಗ್ಗುತ್ತದೆ ಎಂದು ತಿಳಿಯುತ್ತದೆ. ಅಚ್ಚಿನ ಒಳಮೈಗೆ ಎಣ್ಣೆ ಸವರಿರಬೇಕು, ಇಲ್ಲದಿದ್ದರೆ ಮಣ್ಣು ಅಂಟಿಕೊಂಡು ನಡುವೆ ಸೀಳುತ್ತದೆ, ಅಳತೆ ಕೆಡುತ್ತದೆ.

ಮಡ್ ಬ್ಲಾಕಿನಲ್ಲಿ ತೂಕವೇ ಯಜಮಾನ. 230×190×100 ಮಿ.ಮೀ. ಅಚ್ಚಿನ ಗಾತ್ರ 4.37 ಲೀಟರು. ಒಣ ಸಾಂದ್ರತೆ ಲೀಟರಿಗೆ 1.8 ಕಿಲೋ ಬರಬೇಕಾದರೆ ಒಣ ಮಿಶ್ರಣ 7.9 ಕಿಲೋ, ಶೇ. 10ರಷ್ಟು ನೀರು ಸೇರಿದರೆ ಸುಮಾರು 8.7 ಕಿಲೋ. ಪ್ರತಿ ಅಚ್ಚಿಗೂ ಇಷ್ಟನ್ನೇ ತೂಗಿ ಹಾಕಬೇಕು. ಕಡಿಮೆಯಾದರೆ ಅಂಚು ಉದುರುತ್ತದೆ. ಹೆಚ್ಚಾದರೆ ಸನ್ನೆಗೋಲು ಕೆಳಗಿಳಿಯುವುದಿಲ್ಲ. ಆಗ ಇಬ್ಬರು ಮೂವರು ಅದಕ್ಕೆ ಜೋತುಬೀಳುತ್ತಾರೆ, ಯಂತ್ರದ ಕೀಲು ಹೋಗುತ್ತದೆ. ಸಿಮೆಂಟು ಸಾಮಾನ್ಯವಾಗಿ ಶೇ. 7: ನೂರು ಕಿಲೋ ಮಣ್ಣಿಗೆ ಏಳು ಕಿಲೋ. ಒಣಗಿದ್ದಾಗಲೇ ಬಣ್ಣ ಒಂದಾಗುವವರೆಗೆ ಕಲಸಿ, ಆಮೇಲೆ ನೀರು ಚಿಮುಕಿಸಬೇಕು. ಮುಷ್ಟಿಯಲ್ಲಿ ಹಿಡಿದ ಉಂಡೆ ಎದೆಯೆತ್ತರದಿಂದ ಬಿದ್ದಾಗ ನಾಲ್ಕೈದು ಚೂರಾದರೆ ಹದ ಸರಿ. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಜಾಸ್ತಿ. ನೀರು ಬಿದ್ದ ಅರ್ಧ ಗಂಟೆಯೊಳಗೆ ಒತ್ತಿ ಮುಗಿಸುವಷ್ಟನ್ನೇ ಕಲಸಬೇಕು.

ನಮ್ಮವರ ದೌರ್ಬಲ್ಯ ಇರುವುದು ಇಲ್ಲೇ: ಮಣ್ಣು ಸರಿಯಿಲ್ಲವೆಂದರೆ ಸಿಮೆಂಟು ಏರಿಸುತ್ತಾರೆ. ಎರೆಮಣ್ಣಿಗೆ ಹತ್ತು ಪರ್ಸೆಂಟು ಹಾಕಿದರೂ ಅದರೊಳಗಿನ ಜೇಡಿ ಉಬ್ಬುವುದು ನಿಲ್ಲದು. ಅಲ್ಲಿ ಮರಳೋ ಕ್ವಾರಿ ಪುಡಿಯೋ ಬೆರೆಸಿ ಜೇಡಿಯನ್ನು ಶೇ. 10-15ಕ್ಕೆ ಇಳಿಸಬೇಕು, ಇಲ್ಲವೇ ಸುಣ್ಣ ಬಳಸಬೇಕು. ಕ್ಯೂರಿಂಗ್ ಅಂತೂ ಯಾರಿಗೂ ಬೇಡದ ಕೂಸು. ಬ್ಲಾಕುಗಳನ್ನು ಗೋಣಿಯಲ್ಲಿ ಮುಚ್ಚಿ ಮೂರು ವಾರ ತೇವ ಆರದಂತೆ ನೋಡಿಕೊಳ್ಳಬೇಕು. ಶಿಬಿರ ಮುಗಿದ ಮೇಲೆ ಅದನ್ನು ಯಾರು ಮಾಡುತ್ತಾರೆ?

ಕಾಬ್‌ನಲ್ಲಿ ಆತುರಕ್ಕೆ ಗೋಡೆಯೇ ಬಿಡುವುದಿಲ್ಲ. ಒಂದು ವರಸೆ ಒಂದೂವರೆ ಎರಡು ಅಡಿ ಏರಿಸಿದ ಮೇಲೆ ವಾರವೋ ಹದಿನೈದು ದಿನವೋ ಕಾಯಬೇಕು. ಕಾಯದೆ ಮುಂದಿನ ವರಸೆ ಹೇರಿದರೆ ಕೆಳಗಿನದು ಹೊಟ್ಟೆ ಬಿಡುತ್ತದೆ. ಎರಡು ದಿನದ ಶಿಬಿರದಲ್ಲಿ ಎರಡನೇ ವರಸೆ ಕಲಿಸುವುದಿದ್ದರೆ ಮೊದಲನೆಯದನ್ನು ಮುಂಚೆಯೇ ಕಟ್ಟಿ ಒಣಗಿಸಿಟ್ಟಿರಬೇಕು, ಬಹಳ ಕಡೆ ಇಟ್ಟಿರುವುದಿಲ್ಲ. ಒಣಗಿದ ವರಸೆಯ ತಲೆಯನ್ನು ಗೀರಿ, ನೀರು ಚಿಮುಕಿಸಿ, ಅದರ ಮೇಲೆ ಹಸಿ ಮಣ್ಣು ತುಳಿದು ಕೂರಿಸುವುದೇ ನಿಜವಾದ ಕೈಚಳಕ. ಅದನ್ನು ಕಲಿಯದೆ ಹೋದವರು ಊರಿಗೆ ಹೋಗಿ ಕಟ್ಟುವುದು ಬೆಂಚು ಮಾತ್ರ!

ಸುಮಾರು ಎರಡಡಿ ದಪ್ಪದ ಕಾಬ್ ಗೋಡೆ ಕಲ್ಲಿನ ಕಟ್ಟೆಯ ಮೇಲೆ, ಅಗಲ ಸೂರಿನ ಕೆಳಗೆ ನಿಂತಿರುತ್ತದೆ. ಹಳೆಯ ಗೋಡೆಗಳಿಗೆ ಸಿಮೆಂಟ್ ಗಿಲಾವು ಬಳಿದು ಡೆವನ್ನಿನವರು ಪಾಠ ಕಲಿತರು. ಗಿಲಾವು ಕೂದಲೆಳೆಯಷ್ಟು ಬಿರಿದರೂ ಮಳೆ ಒಳಗಿಳಿಯುತ್ತದೆ, ಹೊರಗೆ ಆರಿಹೋಗಲು ದಾರಿ ಇರುವುದಿಲ್ಲ. ಬುಡದಲ್ಲಿ ತೇವ ಏರಿ ಮಣ್ಣು ಮೆತ್ತಗಾಗುತ್ತದೆ, ಮೇಲೆ ಏನೂ ಕಾಣಿಸದಿದ್ದರೂ ಗೋಡೆ ಕುಸಿಯುತ್ತದೆ. ಹಾಗಾಗಿ ಅಲ್ಲಿ ಸುಣ್ಣದ ಗಾರೆಗೇ ಶಿಬಿರದ ಒಂದು ಇಡೀ ದಿನ ಕೊಡುವವರಿದ್ದಾರೆ: ನೆನೆದ ಸುಣ್ಣದ ಮುದ್ದೆ ಒಂದು ಪಾಲು, ಚೂಪು ಅಂಚಿನ ಒರಟು ಮರಳು ಮೂರು ಪಾಲು, ತೆಳುವಾಗಿ ಎರಡು ಮೂರು ಕೋಟು, ನಡುವೆ ಬಿಸಿಲು ತಾಕದಂತೆ ಒದ್ದೆ ಗೋಣಿ. ನಮ್ಮ ಹಳೆಯ ಮಣ್ಣಿನ ಗೋಡೆಗಳ ರಿಪೇರಿ ಕಲಿಸುವವರು ಇದನ್ನಾದರೂ ಎರವಲು ಪಡೆಯಲಿ. ಡೆವನ್ನಿನವರು ಬಕೆಟ್‌ನಲ್ಲಿ ಅಂದಾಜಿಗೆ ಅಳೆಯುವುದನ್ನು ಬಿಟ್ಟು, ತಮ್ಮ ಮಿಶ್ರಣದ ನಾಲ್ಕು ತುಂಡು ಒಣಗಿಸಿ, ಎಷ್ಟು ಭಾರಕ್ಕೆ ಒಡೆಯುತ್ತವೆ ಎಂದು ಶಿಬಿರಾರ್ಥಿಗಳ ಕೈಯಲ್ಲೇ ಒಡೆಸಿ ತೋರಿಸಲಿ.