ಆಕ್ಸೈಡ್‌ಗಳ ಸಹವಾಸದೋಷ

ಸಹವಾಸದೋಷದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆಯನ್ನು ಮೂಲವಸ್ತುಗಳಿಗೆ ಅನ್ವಯಿಸುವುದಾದರೆ, ಆ ಸನ್ಯಾಸಿಯ ಪೀಠಕ್ಕೆ ಆಮ್ಲಜನಕದಷ್ಟು ಅರ್ಹತೆಯುಳ್ಳದ್ದು ಇನ್ನೊಂದಿಲ್ಲ. ಮೆಗ್ನೀಸಿಯಂ ಪಟ್ಟಿ ಕಣ್ಣು ಕೋರೈಸುವಂತೆ ಉರಿದು ಉಳಿಸುವ ಬಿಳಿಯ ಬೂದಿಯನ್ನು ಬಿಸಿನೀರಿನಲ್ಲಿ ಕಲಕಿ ಅದರಲ್ಲಿ ಕೆಂಪು ಲಿಟ್ಮಸ್ ಕಾಗದವನ್ನು ಅದ್ದಿದರೆ ಕಾಗದ ನೀಲಿಯಾಗುತ್ತದೆ, ಅಂದರೆ ಬೂದಿ ಆಮ್ಲಕ್ಕೆ ಎದುರಾದ ಪ್ರತ್ಯಾಮ್ಲ; ಗಂಧಕ ಉರಿದಾಗ ಏಳುವ, ಉಸಿರುಗಟ್ಟಿಸುವ ಅನಿಲಕ್ಕೆ ಒದ್ದೆಯಾದ ನೀಲಿ ಕಾಗದವನ್ನು ಹಿಡಿದರೆ ಅದು ಕೆಂಪಾಗುತ್ತದೆ, ಅಂದರೆ ಅನಿಲ ಆಮ್ಲೀಯ. ಮೊದಲನೆಯದು ಲೋಹದ ಆಕ್ಸೈಡ್, ಅಂದರೆ ಲೋಹವು ಆಮ್ಲಜನಕದೊಡನೆ ಕೂಡಿ ಆದದ್ದು; ಎರಡನೆಯದು ಅಲೋಹದ ಆಕ್ಸೈಡ್. ಎರಡರಲ್ಲೂ ಇರುವುದು ಅದೇ ಆಮ್ಲಜನಕ. 1772ರಲ್ಲಿ ಗಂಧಕ ಮತ್ತು ರಂಜಕಗಳನ್ನು ಸುಟ್ಟು ತೂಗಿ ನೋಡಿದ್ದ ಫ್ರೆಂಚ್ ರಸಾಯನವಿಜ್ಞಾನಿ ಲವಾಸಿಯೆ, ಮುಂದೆ ಸಕಲ ಆಮ್ಲಗಳ ಹುಳಿಗೂ ಈ ಅನಿಲವೇ ಕಾರಣವೆಂದು ನಂಬಿದ. ಅಲೋಹಗಳ ಸಹವಾಸದಲ್ಲಿ ಅದು ಹುಳಿಯಾಗುವುದನ್ನು ಕಂಡವನಿಗೆ ಹಾಗನ್ನಿಸಿದ್ದು ಸಹಜವೆಂದೇ ನನ್ನ ಭಾವನೆ.

ಸುಣ್ಣದ ಕಥೆ ಇನ್ನೂ ಸ್ವಾರಸ್ಯಕರವಾದುದು. ಸುಣ್ಣದ ಕಲ್ಲನ್ನು ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ಅದು ನೀರು ಬಿದ್ದೊಡನೆ ಬುಸುಗುಟ್ಟುತ್ತಾ, ಬಿಸಿಯಾಗಿ ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅದು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಕುಲುಮೆಯ ಬೆಂಕಿ ಅಗಲಿಸಿದ ಲೋಹದ ಆಕ್ಸೈಡೂ ಅಲೋಹದ ಆಕ್ಸೈಡೂ ಗೋಡೆಯ ಮೇಲೆ ಹೀಗೆ ಯಾರ ಮಧ್ಯಸ್ಥಿಕೆಯೂ ಇಲ್ಲದೆ ರಾಜಿಯಾಗುತ್ತವೆ.

ಲೋಹದ್ದು ಪ್ರತ್ಯಾಮ್ಲೀಯ, ಅಲೋಹದ್ದು ಆಮ್ಲೀಯ ಎಂದು ಎರಡು ಪಂಕ್ತಿ ಹಾಕಿ ಬಡಿಸಿಬಿಡುವುದು ಪಾಠ ಹೇಳುವವರಿಗೆ ಅನುಕೂಲವೇನೋ ಹೌದು. ಆದರೆ ಅಲ್ಯೂಮಿನಿಯಂ ಮತ್ತು ಸತುವಿನ ಆಕ್ಸೈಡ್‌ಗಳು ಆಮ್ಲದಲ್ಲಿಯೂ ಕರಗಿ, ಪ್ರಬಲ ಕ್ಷಾರದಲ್ಲಿಯೂ ಕರಗಿ ಎರಡೂ ಕಡೆ ಉಂಡು ಏಳುತ್ತವೆ. ಇವನ್ನು ಉಭಯಧರ್ಮಿ ಎನ್ನುತ್ತಾರೆ. ಕ್ರೋಮಿಯಂ ಇನ್ನೂ ಒಂದು ಹೆಜ್ಜೆ ಮುಂದೆ: ಒಂದು ಪರಮಾಣುವಿಗೆ ಒಂದೇ ಆಮ್ಲಜನಕವಿದ್ದಾಗ ಪ್ರತ್ಯಾಮ್ಲ, ಎರಡಕ್ಕೆ ಮೂರಾದಾಗ ಉಭಯಧರ್ಮಿ, ಒಂದಕ್ಕೆ ಮೂರು ಸೇರಿದಾಗ ಅಪ್ಪಟ ಆಮ್ಲೀಯ. ಲೋಹವು ಲೋಹವಾಗಿದ್ದೂ ಹೀಗೆ ಪಕ್ಷಾಂತರ ಮಾಡುವುದನ್ನು ಕಂಡರೆ, ಸಹವಾಸದೋಷ ತಟ್ಟಿದ್ದು ಯಾರಿಂದ ಯಾರಿಗೆ ಎಂಬ ಸಂಶಯ ಮೂಡುತ್ತದೆ.

ಕಾರ್ಬನ್ ಮಾನಾಕ್ಸೈಡ್, ನೈಟ್ರಸ್ ಆಕ್ಸೈಡ್‌ಗಳು ಯಾವ ಪಕ್ಷಕ್ಕೂ ಸೇರದ ತಟಸ್ಥರು. ಮರಳು ಕೂಡ ಲಿಟ್ಮಸ್ಸಿನ ಬಣ್ಣ ಬದಲಿಸುವುದಿಲ್ಲ, ಆದರೆ ಅದು ತಟಸ್ಥವಾದುದರಿಂದಲ್ಲ, ನೀರಿನಲ್ಲಿ ಕರಗದಿರುವುದರಿಂದ. ಕಬ್ಬಿಣ ಕರಗಿಸುವ ಊದುಕುಲುಮೆಯಲ್ಲಿ ಇದೇ ಮರಳಿನ ಸಿಲಿಕಾ ತನ್ನ ಆಮ್ಲಗುಣವನ್ನು ತೋರಿ, ಸುಣ್ಣದೊಡನೆ ಕೂಡಿ ಕಿಟ್ಟವಾಗಿ ಹರಿಯುತ್ತದೆ.