ಗೋಡೆಯಾಚೆ ಮೊದಲು ಗೆದ್ದ ಕಬ್ಸ್

ಸೋಲುವ ತಂಡವನ್ನೇ ಹುಡುಕಿಕೊಂಡು ಹೋಗಿ ತಬ್ಬಿಕೊಳ್ಳುವ ಯೋಗ ನನ್ನ ಜಾತಕದಲ್ಲಿದೆ. ಬೆಂಗಳೂರಿನಲ್ಲಿದ್ದಾಗ ಆರ್‌ಸಿಬಿ. ಶಿಕಾಗೊಗೆ ಬಂದ ಮೇಲೆ ಕಬ್ಸ್. ಇದೇ ಊರಲ್ಲಿ ವೈಟ್ ಸಾಕ್ಸ್ ಅಂತ ಇನ್ನೊಂದು ಬೇಸ್‌ಬಾಲ್ ತಂಡವಿದೆ, ಅದು 2005ರಲ್ಲೇ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್, ಗೆದ್ದಾಗಿತ್ತು. ಬುದ್ಧಿ ಇದ್ದವರು ಅದನ್ನು ಹಿಡಿಯುತ್ತಾರೆ. ಕಬ್ಸ್ ಕೊನೆಯ ಸಲ ಗೆದ್ದದ್ದು 1908ರಲ್ಲಿ. ಆಗ ನಮ್ಮ ಮೈಸೂರಿನಲ್ಲಿ ನಾಲ್ವಡಿಯವರ ಆಳ್ವಿಕೆ, ಕನ್ನಂಬಾಡಿ ಕಟ್ಟೆಯ ಕೆಲಸ ಕೂಡ ಶುರುವಾಗಿರಲಿಲ್ಲ.

2016ರ ಮೇ ತಿಂಗಳಲ್ಲಿ ಕೊಹ್ಲಿ ಒಂದೇ ಸೀಸನ್‌ನಲ್ಲಿ 973 ರನ್ ಹೊಡೆದರೂ ಆರ್‌ಸಿಬಿ ಚಿನ್ನಸ್ವಾಮಿಯಲ್ಲೇ ಫೈನಲ್ ಸೋತಿತು, ಬರೀ 8 ರನ್‌ನಿಂದ. ಆ ನೋವು ಇಳಿಯುವಷ್ಟರಲ್ಲಿ ಕಬ್ಸ್ ವರ್ಲ್ಡ್ ಸೀರೀಸ್‌ಗೆ ಬಂತು. ಏಳು ಪಂದ್ಯಗಳ ಸರಣಿಯಲ್ಲಿ 3-1ರಿಂದ ಹಿಂದೆ ಬಿದ್ದು, ಮತ್ತೆರಡು ಗೆದ್ದು, ನವೆಂಬರ್ 2ಕ್ಕೆ ಏಳನೆಯ ಪಂದ್ಯ. ಅದೂ ಎದುರಾಳಿಯ ಊರಾದ ಕ್ಲೀವ್‌ಲ್ಯಾಂಡ್‌ನಲ್ಲಿ.

ಆಗ ಅತ್ತೆ ಮೈಸೂರಿನಿಂದ ನಮ್ಮ ಮನೆಗೆ ಬಂದಿದ್ದರು. ಎದುರಾಳಿ ಯಾರು ಅಂತ ಕೇಳಿದರು. ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ಅಂದೆ. ಆ ತಂಡಕ್ಕೆ ಆಗ ಅದೇ ಹೆಸರು. "ಅಲ್ಲಾ ಅಳಿಯಂದ್ರೇ, ಇಂಡಿಯನ್ಸ್ ಆಡ್ತಿದ್ರೆ ನಾವು ಅವರ ಕಡೆಗಲ್ವಾ ಇರಬೇಕಾದ್ದು?" ಅಂದರು. ಇದಕ್ಕೆ ಉತ್ತರ ಕೊಡುವ ಧೈರ್ಯ ಯಾವ ಅಳಿಯನಿಗಿದೆ? ಮಾತು ಬದಲಿಸಲು ಮೇಕೆಯ ಶಾಪದ ಕಥೆ ಹೇಳಿದೆ. 1945ರ ವರ್ಲ್ಡ್ ಸೀರೀಸ್‌ಗೆ ಬಿಲ್ಲಿ ಸಿಯಾನಿಸ್ ಎಂಬ ಹೋಟೆಲಿನವನು ತನ್ನ ಮೇಕೆಯನ್ನೂ ಕಬ್ಸ್ ಮೈದಾನ ರಿಗ್ಲಿ ಫೀಲ್ಡ್‌ಗೆ ಕರೆದುಕೊಂಡು ಬಂದನಂತೆ. ಮೇಕೆ ನಾತ ಹೊಡೆಯುತ್ತೆ ಅಂತ ಹೊರಗೆ ಕಳಿಸಿದರಂತೆ. ಅವನು ಕೊಟ್ಟ ಶಾಪವೋ ಏನೋ, ಆ ವರ್ಷ ಸೋತ ಕಬ್ಸ್ ಆಮೇಲೆ 2016ರವರೆಗೂ ವರ್ಲ್ಡ್ ಸೀರೀಸ್‌ನ ಮುಖ ನೋಡಲಿಲ್ಲ. ಅತ್ತೆ ತಲೆಯಾಡಿಸಿದರು. "ಮೂಕ ಪ್ರಾಣಿ ನೋಡಿ. ತಪ್ಪಾಯ್ತು ಅಂತ ಅವತ್ತೇ ಒಂದು ಹಣ್ಣುಕಾಯಿ ಮಾಡಿಸಿದ್ರೆ ಮುಗೀತಿತ್ತು."

ಪಂದ್ಯ ಶುರುವಾಯಿತು. ಕಬ್ಸ್‌ನ ಡೆಕ್ಸ್‌ಟರ್ ಫೌಲರ್ ಮೊದಲ ಬ್ಯಾಟರ್ ಆಗಿ ಬಂದವನೇ ಹೋಂ ರನ್, ನಮ್ಮ ಸಿಕ್ಸರ್ ಥರದ್ದು, ಹೊಡೆದ. ಆಗ ಅತ್ತೆ ಅಡುಗೆಮನೆಯಲ್ಲಿದ್ದರು. ಅವರು ಬಂದು ಸೋಫಾದ ಮೇಲೆ ಕೂತರು, ಕ್ಲೀವ್‌ಲ್ಯಾಂಡ್ ಸ್ಕೋರ್ ಸಮ ಮಾಡಿತು. ಎದ್ದು ಹೋದರು, ಕಬ್ಸ್‌ಗೆ ಮತ್ತೆ ರನ್ ಬಂತು. ನಾವು ಗೆಳೆಯರು ಮುಖ ಮುಖ ನೋಡಿಕೊಂಡೆವು. ಕ್ರಿಕೆಟ್ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಹೆಣ್ಣು ಕೊಟ್ಟ ಅತ್ತೆಗೆ "ನೀವು ಒಳಗೇ ಇರಿ" ಅನ್ನುವುದು ಹೇಗೆ? ಒಬ್ಬ ಗೆಳೆಯ ಮೆಲ್ಲಗೆ, "ಆಂಟೀ, ಇನ್ನೊಂದು ರೌಂಡ್ ಕಾಫಿ ಆಗಬಹುದಾ?" ಅಂದ. ಹೆಂಡತಿ ನನ್ನ ಕಡೆ ತಿರುಗಿದ ರೀತಿಗೆ ನನಗೆ ಅಲ್ಲಿಂದ ಕಾಫಿ ಇಳಿಯಲಿಲ್ಲ.

ಅಸಲಿ ತೊಂದರೆ ಇದಲ್ಲ, ಪಕ್ಕದ ಮನೆಯ ಅಜ್ಜ. ನಮ್ಮದು ಹಳೇ ಅಪಾರ್ಟ್‌ಮೆಂಟು. ಗೋಡೆ ಎಷ್ಟು ತೆಳ್ಳಗೆಂದರೆ ಅವರು ಸೀನಿದರೆ ನಮಗೆ "ಚಿರಂಜೀವಿ" ಅನ್ನಬೇಕು ಅನ್ನಿಸುತ್ತದೆ. ನಾವು ಇಂಟರ್‌ನೆಟ್‌ನಲ್ಲಿ ಆಟ ನೋಡುತ್ತಿದ್ದೆವು. ಅಜ್ಜ ಟಿವಿ ಮೇಲೆ ಹಳೇ ಕಾಲದ ಆಂಟೆನಾ ಇಟ್ಟುಕೊಂಡಿದ್ದರು. ಆಂಟೆನಾಗೆ ಆಟ ಕೂಡಲೇ ಬರುತ್ತದೆ. ಇಂಟರ್‌ನೆಟ್‌ನಲ್ಲಿ ಅರ್ಧ ನಿಮಿಷಕ್ಕೂ ಜಾಸ್ತಿ ತಡ. ಹೀಗಾಗಿ ಏನೇ ಆದರೂ ಮೊದಲು ಗೋಡೆಯಿಂದ ಸುದ್ದಿ, ಆಮೇಲೆ ನಮ್ಮ ಟಿವಿಯಲ್ಲಿ ಘಟನೆ.

ಎಂಟನೇ ಇನಿಂಗ್ಸ್. ಬೇಸ್‌ಬಾಲ್‌ನಲ್ಲಿ ಒಂಬತ್ತು ಇನಿಂಗ್ಸ್, ಒಂದೊಂದರಲ್ಲೂ ತಂಡಕ್ಕೆ ಮೂರು ಔಟ್. ಕಬ್ಸ್ 6-3ರಿಂದ ಮುಂದೆ, ಇನ್ನು ನಾಲ್ಕೇ ಔಟ್ ಬೇಕು. ಮನೆಯಲ್ಲಿ ಆಗಲೇ ಸಿಹಿ ಡಬ್ಬಿ ತೆಗೆದಾಗಿತ್ತು. ಕ್ಲೀವ್‌ಲ್ಯಾಂಡ್ ಒಂದು ರನ್ ತೆಗೆಯಿತು. ಇರಲಿ ಬಿಡು ಅಂದುಕೊಂಡೆವು. ಅಷ್ಟರಲ್ಲಿ ಗೋಡೆಯಾಚೆಯಿಂದ ಒಂದು ಆರ್ತನಾದ. ಕರುಳು ಕಿತ್ತು ಬರುವಂಥದ್ದು. ನಮ್ಮ ಟಿವಿಯಲ್ಲಿ ನೋಡಿದರೆ ಕಬ್ಸ್‌ನ ಬೌಲರ್, ಅಂದರೆ ಪಿಚರ್ ಚಾಪ್‌ಮನ್ ಇನ್ನೂ ಬೆವರು ಒರೆಸಿಕೊಳ್ಳುತ್ತಿದ್ದಾನೆ! ಏನಾಯಿತು, ಅಜ್ಜನಿಗೇ ಏನಾದರೂ ಆಯಿತಾ? ಒಳ್ಳೆಯ ಮನುಷ್ಯ, ನಿಜ. ಆದರೂ ಆ ಕ್ಷಣದಲ್ಲಿ "ಅಜ್ಜನಿಗೆ ಬರೀ ಕಾಲು ಉಳುಕಿರಲಿ ದೇವರೇ, ಆಟದಲ್ಲಿ ಏನೂ ಆಗದಿರಲಿ" ಅಂತ ಬೇಡಿಕೊಂಡೆ. ದೇವರು ಕೇಳಲಿಲ್ಲ. ಕ್ಲೀವ್‌ಲ್ಯಾಂಡ್‌ನ ರಜೈ ಡೇವಿಸ್ ಹೊಡೆದ ಹೋಂ ರನ್ ಮೈದಾನದ ಎಡಗಡೆಯ ಗೋಡೆ ದಾಟಿತು, ಒಂದೇ ಏಟಿಗೆ ಎರಡು ರನ್. 6-6.

ಒಂಬತ್ತು ಇನಿಂಗ್ಸ್ ಮುಗಿದರೂ ಸಮ. ಸಾಲದ್ದಕ್ಕೆ ಮಳೆ. ಮಳೆ ಬಂದರೆ ಡಕ್‌ವರ್ತ್ ಲೂಯಿಸ್ ಪ್ರಕಾರ ಯಾರು ಮುಂದೆ ಅಂತ ಒಬ್ಬ ಲೆಕ್ಕ ಹಾಕಲು ಶುರುಮಾಡಿದ. ಬೇಸ್‌ಬಾಲ್‌ನಲ್ಲಿ ಅದಿಲ್ಲ ಅಂತ ಅವನಿಗೆ ಅರ್ಥ ಮಾಡಿಸುವಷ್ಟರಲ್ಲಿ 17 ನಿಮಿಷದ ವಿರಾಮ ಮುಗಿಯಿತು. ಅದೇ ಹೊತ್ತಿನಲ್ಲಿ ಕಬ್ಸ್‌ನ ಜೇಸನ್ ಹೇವರ್ಡ್ ತಂಡವನ್ನೆಲ್ಲ ಜಿಮ್ ಕೋಣೆಗೆ ಕರೆದು ಧೈರ್ಯ ತುಂಬಿದ್ದು ಆಮೇಲೆ ಗೊತ್ತಾಯಿತು. ನಮ್ಮ ಮನೆಯಲ್ಲಿ ಆ ಕೆಲಸ ಅತ್ತೆ ಮಾಡಿದರು. "ನಾನು ಒಳಗೆ ಹೋಗಿ ಮಲಗ್ತೀನಿ ಬಿಡಿ. ಇಷ್ಟೊತ್ತಿಗೆ ಕಾಫಿ ಯಾಕೆ ಕೇಳ್ತಿದ್ರಿ ಅಂತ ನನಗೆ ಗೊತ್ತಾಗಲ್ವಾ?" ಅಂದು ಬಾಗಿಲು ಹಾಕಿಕೊಂಡರು.

ಹತ್ತನೇ ಇನಿಂಗ್ಸ್‌ನಲ್ಲಿ ಗೋಡೆ ಎರಡು ಸಲ ಕೇಕೆ ಹಾಕಿತು. ಒಂದು ಬೆನ್ ಜೋಬ್ರಿಸ್ಟ್, ಇನ್ನೊಂದು ಮಿಗೆಲ್ ಮೊಂಟೆರೊ. 8-6. ಅಷ್ಟರಲ್ಲಿ ನಾವ್ಯಾರೂ ಟಿವಿ ನೋಡುತ್ತಲೇ ಇರಲಿಲ್ಲ. ಎಲ್ಲರೂ ಗೋಡೆಗೆ ಕಿವಿ ಹಚ್ಚಿ ಸಾಲಾಗಿ ನಿಂತಿದ್ದೆವು. ಕ್ಲೀವ್‌ಲ್ಯಾಂಡ್ ಆಡಲು ಬಂತು. ಗೋಡೆ ನರಳಿತು. ಮತ್ತದೇ ಡೇವಿಸ್, 8-7. ಆಮೇಲೆ ಸದ್ದೇ ಇಲ್ಲ. ಕೊನೆಗೆ ಆಚೆ ಕಡೆ ಕುರ್ಚಿ ಬಿತ್ತು, ಪಾತ್ರೆ ಬಿತ್ತು, ಅಜ್ಜ ಕಿರುಚಿದರು, ಅವರ ನಾಯಿ ಕಿರುಚಿತು.

ಓಡಿ ಬಂದು ಟಿವಿ ಮುಂದೆ ಕೂತೆವು. ಇನ್ನೂ ಕೊನೆಯ ಚೆಂಡು ಎಸೆದಿರಲಿಲ್ಲ. ಚೆಂಡು ಹಿಡಿದ ಕ್ರಿಸ್ ಬ್ರಯಂಟ್‌ನ ಕಾಲು ಜಾರಿತು, ಅವನೋ ನಗುತ್ತಲೇ ಜೊತೆಗಾರ ರಿಝೋ ಕಡೆ ಎಸೆದ, ಕೊನೆಯ ಔಟ್. ಜಗತ್ತಿನ ಕಬ್ಸ್ ಅಭಿಮಾನಿಗಳೆಲ್ಲ ಆ ಜಾರುವಿಕೆಗೆ ಎದೆ ಹಿಡಿದುಕೊಂಡಿದ್ದಾಗ ನಾವು ಹಾಯಾಗಿ ಸೋಫಾಕ್ಕೆ ಒರಗಿ ಮೈಸೂರು ಪಾಕ್ ತಿನ್ನುತ್ತಿದ್ದೆವು. ನನ್ನನ್ನು ಕೇಳಿದರೆ, ಇಂಥ ತಂಡ ಗೆಲ್ಲುವುದನ್ನು ನೋಡಬೇಕಾದ್ದೇ ಹೀಗೆ, ಫಲಿತಾಂಶ ಗೊತ್ತಾದ ಮೇಲೆ. ಕಾತರ, ರೋಮಾಂಚನ ಎಲ್ಲ ಆಗಾಗ ಗೆಲ್ಲುವವರಿಗೆ ಇರಲಿ.

ಹೊರಗೆ ಬಂದರೆ ಅಜ್ಜ ಕಾರಿಡಾರಿನಲ್ಲೇ ಅಳುತ್ತಾ ನಿಂತಿದ್ದರು. ಅವರ ಅಪ್ಪ ಇದನ್ನು ನೋಡದೆ ಹೋದರಂತೆ. ಆ ವಾರ ಜನ ರಿಗ್ಲಿ ಫೀಲ್ಡ್‌ನ ಹೊರಗೋಡೆಯ ತುಂಬಾ ಸೀಮೆಸುಣ್ಣದಲ್ಲಿ ಹೆಸರು ಬರೆದರು. ಅಜ್ಜನೂ ಹೋಗಿ ಅಪ್ಪನ ಹೆಸರು ಬರೆದು ಬಂದರು. ಶುಕ್ರವಾರ ಮೆರವಣಿಗೆಯ ದಿನ ಶಿಕಾಗೊ ನದಿಗೆ ನೀಲಿ ಬಣ್ಣ ಹಾಕಿದ್ದರು. ಅತ್ತೆ ನೋಡಿ, "ಇಷ್ಟು ನೀರಿಗೆ ಎಷ್ಟು ಬಣ್ಣ ದಂಡ!" ಅಂದರು.

ಗೆದ್ದ ರಾತ್ರಿಯೇ ಬೆಂಗಳೂರಿನ ಅಣ್ಣನಿಗೆ ಫೋನ್ ಮಾಡಿದ್ದೆ. ಅಲ್ಲಿ ಬೆಳಗ್ಗೆ ಹತ್ತು ದಾಟಿತ್ತು.

"ಗೆದ್ಬಿಟ್ವಿ ಅಣ್ಣಾ!"

"ಎಷ್ಟು ವರ್ಷ ಆಗಿತ್ತು ಅಂದೆ?"

"108."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನಮ್ಮ ಆರ್‌ಸಿಬಿ ಶುರುವಾಗಿದ್ದು 2008. ಹಾಗಾದ್ರೆ 2116ಕ್ಕೆ ಕಪ್ ನಮ್ದೇ ಬಿಡು" ಅಂದ.

2025ರಲ್ಲೇ ಬಂತು. ಅಣ್ಣನ ಲೆಕ್ಕದಲ್ಲಿ ನಮಗೆ 91 ವರ್ಷ ಉಳಿತಾಯ.