ಹಕ್ಕಿ ಸಾಕದಿದ್ದರೆ?

ಮೊನ್ನೆ ಶನಿವಾರ ರಾತ್ರಿ ಮಗಳ ಜೊತೆ ಕೂತು ‘ಬರ್ಡ್‌ಮ್ಯಾನ್ ಆಫ್ ಆಲ್ಕಟ್ರಾಜ್’ ನೋಡಿದೆ. 1962ರ ಕಪ್ಪು-ಬಿಳುಪು ಸಿನಿಮಾ, ಅಮೆರಿಕದ ರಾಬರ್ಟ್ ಸ್ಟ್ರೌಡ್ ಎಂಬ ನಿಜವಾದ ಕೈದಿಯ ಕಥೆ. ಸ್ಟ್ರೌಡ್ ಪಾತ್ರ ಮಾಡಿದ ಬರ್ಟ್ ಲ್ಯಾಂಕಾಸ್ಟರ್‌ನ ದೊಡ್ಡ ಅಂಗೈಯಲ್ಲಿ ನೆಂದು ನಡುಗುವ ಗುಬ್ಬಿಮರಿ ಬಂದಾಗ ಮಗಳು ನನ್ನ ಕೈ ಹಿಡಿದುಕೊಂಡಳು. ಮುಗಿಯುವ ಹೊತ್ತಿಗೆ ಕಣ್ಣು ಒರೆಸಿಕೊಳ್ಳುತ್ತ, "ಇಷ್ಟ ಛಲೋ ಮನಷ್ಯಾನ್ನ ಯಾಕ ಬಿಡಲಿಲ್ಲವ್ವಾ?" ಅಂದಳು.

ಸಿನಿಮಾದಲ್ಲಿ ತೋರಿಸಿದಷ್ಟು ಛಲೋ ಮನುಷ್ಯ ಅಲ್ಲ ಅವನು, ಅಂದೆ. ನಿಜದ ಸ್ಟ್ರೌಡ್ ಮಹಾ ಮುಂಗೋಪಿ, ಅವನ ಜೊತೆ ಜೈಲಿನಲ್ಲಿದ್ದವರೇ ಅವನಿಗೆ ಹೆದರುತ್ತಿದ್ದರು.

"ಹಂಗಾರ ಒಳಗ ಇಟ್ಟಿದ್ದು ಬರೋಬ್ಬರಿ ಆತು" ಅಂದಳು.

ಅವಳಿಗಿನ್ನೂ ಹದಿನಾಲ್ಕು ವರ್ಷ, ತಪ್ಪು ಅವಳದಲ್ಲ. ಆದರೆ ಒಂದು ನಿಮಿಷದೊಳಗೆ ಆ ಮನುಷ್ಯನ ಮೇಲಿನ ಅವಳ ಕರುಣೆಯೆಲ್ಲ ಬತ್ತಿಹೋಯಿತಲ್ಲ, ಅದು ಎರಡು ದಿನದಿಂದ ನನ್ನನ್ನು ಕೊರೆಯುತ್ತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಸ್ಟ್ರೌಡ್ ವಿಷಯ. 1909ರಲ್ಲಿ ಅಲಾಸ್ಕಾದ ಜೂನೋದಲ್ಲಿ ಬಾರ್‌ನ ಕೆಲಸಗಾರನೊಬ್ಬನನ್ನು ಗುಂಡಿಟ್ಟು ಕೊಂದ. ಅದಕ್ಕೆ 12 ವರ್ಷ ಶಿಕ್ಷೆ. 1916ರಲ್ಲಿ ಲೆವನ್‌ವರ್ತ್ ಜೈಲಿನ ಊಟದ ಹಾಲ್‌ನಲ್ಲಿ, ನೂರಾರು ಕೈದಿಗಳ ಕಣ್ಣೆದುರೇ, ಆಂಡ್ರ್ಯೂ ಟರ್ನರ್ ಎಂಬ ಕಾವಲುಗಾರನನ್ನು ಇರಿದು ಕೊಂದ. ಜಗಳ ಹುಟ್ಟಿದ್ದು ಮುಲಾಕಾತ್ ವಿಷಯಕ್ಕೆ. ಎಷ್ಟೋ ವರ್ಷದ ಮೇಲೆ ನೋಡಲು ಬಂದ ತಮ್ಮನ ಭೇಟಿ ತಪ್ಪಿಹೋಗುತ್ತದೆ ಎಂಬ ಸಿಟ್ಟು. ಸಿನಿಮಾದವರು ಇಲ್ಲಿ ತಮ್ಮನನ್ನು ತೆಗೆದು ತಾಯಿಯನ್ನು ತಂದಿದ್ದಾರೆ. ತಾಯಿಯನ್ನು ನೋಡಗೊಡಲಿಲ್ಲ ಅಂತ ಕೊಂದ ಅಂದರೆ ನಮಗೂ ಅಯ್ಯೋ ಪಾಪ ಅನ್ನಿಸುತ್ತದೆ, ನೋಡಿ.

ಗಲ್ಲು ಶಿಕ್ಷೆಯಾಯಿತು. ತಾಯಿ ಎಲಿಜಬೆತ್ ಅಧ್ಯಕ್ಷರ ಮಡದಿಯ ತನಕ ಹೋಗಿ ಸೆರಗೊಡ್ಡಿದಳು, 1920ರಲ್ಲಿ ಅಧ್ಯಕ್ಷ ವಿಲ್ಸನ್ ಗಲ್ಲನ್ನು ಜೀವಾವಧಿಗೆ ಇಳಿಸಿದರು. ಆದರೆ ಜೈಲಿನವರು ಇವನನ್ನು ಇನ್ನು ಯಾರ ಜೊತೆಗೂ ಬಿಡುವುದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟರು. ಅದೇ ವರ್ಷ ಜೈಲಿನ ಅಂಗಳದಲ್ಲಿ ಗುಬ್ಬಿಗೂಡೊಂದು ಬಿದ್ದು ಸಿಕ್ಕಿತು. ಗುಬ್ಬಿಯಿಂದ ಕ್ಯಾನರಿ ಹಕ್ಕಿ, ಒಂದರಿಂದ ನೂರಾರು. ಹಕ್ಕಿಗಳ ರೋಗದ ಮೇಲೆ ಎರಡು ಪುಸ್ತಕ ಬರೆದ. 1942ರಲ್ಲಿ ಆಲ್ಕಟ್ರಾಜ್ ಎಂಬ ದ್ವೀಪದ ಜೈಲಿಗೆ ಒಯ್ದ ಮೇಲೆ ಒಂದು ಹಕ್ಕಿಯನ್ನೂ ಇಟ್ಟುಕೊಳ್ಳಲು ಬಿಡಲಿಲ್ಲ. ಸಿನಿಮಾದ ಹೆಸರು ಕೇಳಿ ಜನ ಅಲ್ಲಿಯೇ ಹಕ್ಕಿ ಸಾಕಿದ ಅಂದುಕೊಂಡಿದ್ದಾರೆ. 54 ವರ್ಷ ಜೈಲು, ಅದರಲ್ಲಿ 42 ವರ್ಷ ಒಂಟಿ. ತನ್ನ ಮೇಲೆ ಬಂದ ಈ ಸಿನಿಮಾವನ್ನು ನೋಡಲು ಅವನಿಗೆ ಸಿಗಲೇ ಇಲ್ಲ. 1963ರ ನವೆಂಬರ್ 21ರಂದು, ಕೆನಡಿ ಹತ್ಯೆಯ ಹಿಂದಿನ ದಿನ, ಸೆರೆಯಲ್ಲೇ ಸತ್ತ.

ಸಿನಿಮಾ ಚೆನ್ನಾಗಿದೆ, ನೋಡಲೇಬೇಕು. ಇಡೀ ಲೋಕವನ್ನು ಒಂದು ಕೋಣೆಯೊಳಗೆ ತಂದು ಎರಡೂವರೆ ತಾಸು ಕೂರಿಸುವುದು ಹುಡುಗಾಟವಲ್ಲ. ನನ್ನ ತಕರಾರು ಒಂದೇ. ಕೈದಿಯನ್ನು ನಾವು ಮನುಷ್ಯ ಅಂತ ಒಪ್ಪಬೇಕಾದರೆ ಅವನ ಕೈಯಲ್ಲಿ ಹಕ್ಕಿ ಇಡಲೇಬೇಕಾ? ನಮ್ಮಲ್ಲೂ ಜೈಲಿನ ಸಿನಿಮಾ ಅಂದರೆ ಇದೇ. ಒಂದೋ ಅವನು ನಿರಪರಾಧಿ ಆಗಿರಬೇಕು, ಇಲ್ಲವೇ ತಂಗಿಯ ಮಾನಕ್ಕಾಗಿ ಕೊಂದಿರಬೇಕು, ಅದೂ ಇಲ್ಲದಿದ್ದರೆ ಒಳಗೆ ಹೋದ ಮೇಲೆ ಕವಿಯೋ ಕಲಾವಿದನೋ ಆಗಬೇಕು. ಸುಮ್ಮನೆ ಕೊಂದವನು, ಸುಮ್ಮನೆ ಒಳಗಿರುವವನು, ಹಕ್ಕಿಯನ್ನೂ ಸಾಕದವನು, ಅಂಥವನ ಸಿನಿಮಾ ಯಾರೂ ಮಾಡುವುದಿಲ್ಲ. ಜೈಲು ತುಂಬ ಇರುವವರು ಅಂಥವರೇ.

ನಾನು ಬೆಳೆದದ್ದು ಬೆಳಗಾವಿಯ ಹಿಂಡಲಗಾ ಜೈಲಿನ ಹತ್ತಿರ. ಅಪ್ಪನದು ವೆಂಗುರ್ಲಾ ರೋಡಿಗೆ ಒಂದು ಚಹಾದ ಅಂಗಡಿ ಇತ್ತು. ರಾಜ್ಯದಲ್ಲಿ ಗಲ್ಲಿಗೇರಿಸುವ ವ್ಯವಸ್ಥೆ ಇರುವ ಜೈಲು ಇದು ಅಂತ ಊರ ಹೊರಗಿನವರಿಗೆ ಹೆಸರು ಗೊತ್ತು. 2013ರ ಫೆಬ್ರುವರಿಯಲ್ಲಿ ವೀರಪ್ಪನ್‌ನ ನಾಲ್ವರು ಸಹಚರರ ಕ್ಷಮಾದಾನದ ಅರ್ಜಿ ತಿರಸ್ಕಾರವಾದಾಗ ಟಿವಿ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಇವತ್ತೋ ನಾಳೆಯೋ ಅನ್ನುವ ಹಾಗೆ ಸುದ್ದಿ. ಅಪ್ಪ ಆ ವಾರ ಎರಡು ಪಟ್ಟು ಹಾಲು ತರಿಸಿದ್ದ, ಆದರೆ ಮನೆಯಲ್ಲಿ ಸರಿಯಾಗಿ ಊಟ ಮಾಡಲಿಲ್ಲ. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ನಾಲ್ವರ ಗಲ್ಲನ್ನು ಜೀವಾವಧಿ ಮಾಡಿತು, ಗಾಡಿಗಳು ಮತ್ತೆ ಬಂದು ಹೋದವು.

ಇದೇ ಜೈಲಿನ ಇನ್ನೊಂದು ಪ್ರಕರಣವಿದೆ. ಉಮೇಶ್ ರೆಡ್ಡಿ. ಹೆಸರು ಕೇಳಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. 1998ರಲ್ಲಿ ಬೆಂಗಳೂರಿನಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ಅತ್ಯಾಚಾರ ಮಾಡಿ ಕೊಂದ, ಆಕೆಯ ಪುಟ್ಟ ಮಗನೇ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾಯಿತು. ಇವನನ್ನು 2006ರಿಂದ ಹಲವು ವರ್ಷ ಹಿಂಡಲಗಾದಲ್ಲಿ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕಾರಣಕ್ಕೇ ಗಲ್ಲನ್ನು ರದ್ದು ಮಾಡಿ, ಕನಿಷ್ಠ 30 ವರ್ಷದ ಜೀವಾವಧಿ ಕೊಟ್ಟಿತು. ಆಗ ಫೇಸ್‌ಬುಕ್ ತುಂಬ ಕೋರ್ಟಿಗೆ ಬೈಗುಳ. ನಾನೂ ಬೈದಿದ್ದೆ. ಒಬ್ಬ ಹೆಣ್ಣುಮಗಳಾಗಿ ಬೈದಿದ್ದೆ, ಆ ಸಿಟ್ಟಿಗೆ ಇವತ್ತೂ ನಾಚಿಕೆಪಡುವುದಿಲ್ಲ.

ಆದರೆ ಆಮೇಲೆ ತೀರ್ಪಿನ ಬಗ್ಗೆ ಓದಿದೆ. ಅವನು ಒಳ್ಳೆಯವನಾದ ಅಂತ ಕೋರ್ಟು ಗಲ್ಲು ತಪ್ಪಿಸಿರಲಿಲ್ಲ, ಹಕ್ಕಿ ಸಾಕಿದ ಅಂತಲೂ ಅಲ್ಲ. ನಮ್ಮ ಕಾನೂನಿನಲ್ಲಿ ಒಂಟಿ ಸೆರೆಗೆ ಲೆಕ್ಕ ಇದೆ. ಹಳೆಯ ಐಪಿಸಿಯ 73 ಮತ್ತು 74ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 11 ಮತ್ತು 12ನೇ ಕಲಂ. ಅದನ್ನು ವಿಧಿಸಬೇಕಾದವರು ನ್ಯಾಯಾಧೀಶರು, ಒಟ್ಟು ಮೂರು ತಿಂಗಳು ದಾಟುವಂತಿಲ್ಲ, ಒಂದು ಸಲಕ್ಕೆ 14 ದಿನಕ್ಕಿಂತ ಹೆಚ್ಚಿಲ್ಲ. ಗಲ್ಲು ಶಿಕ್ಷೆ ಆದವನನ್ನೂ, ಅದು ಎಲ್ಲ ಹಂತ ದಾಟಿ ಕೊನೆಯಾಗುವ ತನಕ, ಹೀಗೆ ಬೇರೆ ಇಡಬಾರದು ಅಂತ 1978ರಲ್ಲೇ ಸುನಿಲ್ ಬಾತ್ರಾ ಪ್ರಕರಣದಲ್ಲಿ ತೀರ್ಮಾನವಾಗಿದೆ. ಕಾನೂನು ಅತಿ ಕೆಟ್ಟವನ ವಿಷಯದಲ್ಲೂ ನಿಲ್ಲಬೇಕು, ಅಷ್ಟೇ ಅವರು ಹೇಳಿದ್ದು. ನನ್ನ ಮಗಳಿಗೆ ಹೇಳಬೇಕು ಅಂದುಕೊಂಡದ್ದೂ ಇದೇ, ಆದರೆ ಕಲಂ ಹೇಳಿದರೆ ಹುಡುಗಿಗೆ ಎಲ್ಲಿ ಹತ್ತುತ್ತದೆ? ಅದಕ್ಕೇ ಅವಳಿಗೆ ಆಯಿಯ ಕಥೆ ಹೇಳಿದೆ.

ಆಯಿ ಅಂದರೆ ನಮ್ಮ ಅಂಗಡಿಗೆ ಬರುತ್ತಿದ್ದ ಒಬ್ಬ ಮುದುಕಿ. ಮುಧೋಳದ ಕಡೆಯ ಹಳ್ಳಿ. ರಾತ್ರಿ ಬಸ್ಸಿಗೆ ಹತ್ತಿ, ಬೆಳಗಿನ ಜಾವ ಬೆಳಗಾವಿಯಲ್ಲಿ ಇಳಿದು, ಅಲ್ಲಿಂದ ಸಿಟಿ ಬಸ್ಸು ಹಿಡಿದು ಬರುತ್ತಿದ್ದಳು. ಕಂಕುಳಲ್ಲಿ ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲ, ಅದರೊಳಗೆ ಬಿಳೀ ಅರಿವೆಯಲ್ಲಿ ಸುತ್ತಿದ ಶೇಂಗಾ ಹೋಳಿಗೆ. ಮನೆಯ ಅಡುಗೆ ಒಳಗೆ ಬಿಡುವುದಿಲ್ಲ ಅಂತ ಆಕೆಗೆ ಗೊತ್ತಿತ್ತು. ಆದರೂ ಪ್ರತಿ ಸಲ ತರುತ್ತಿದ್ದಳು. ಮುಲಾಕಾತ್ ಮುಗಿಸಿ ಬಂದವಳು ಬೆಂಚಿನ ಮೇಲೆ ಕೂತು, ಗಂಟು ಬಿಚ್ಚಿ, ಹೋಳಿಗೆಯನ್ನು ನನಗೂ ನನ್ನ ತಮ್ಮನಿಗೂ ಕೊಡುತ್ತಿದ್ದಳು. ತುಪ್ಪ ಆ ಅರಿವೆಗೆ ಇಳಿದು ಹಳದಿ ಕಲೆ ಆಗಿರುತ್ತಿತ್ತು. ನಾವು ತಿನ್ನುವುದನ್ನು ನೋಡುತ್ತ ಆಕೆ ಚಹಾ ಕುಡಿಯುತ್ತಿದ್ದಳು. ಒಮ್ಮೆಯೂ ತಾನು ತಿಂದದ್ದು ನೋಡಲಿಲ್ಲ.

ಮಗ ಕೊಂದದ್ದು ಯಾರನ್ನು ಗೊತ್ತಾ? ಅಕ್ಕನ ಗಂಡನನ್ನು. ಹೊಲದ ಬದುವಿನ ಜಗಳ, ಕೈಯಲ್ಲಿ ಕೊಡಲಿ ಇತ್ತು, ಆಗಿಹೋಯಿತು. ಆಯಿಗೆ ಮಗ ಜೈಲಿನಲ್ಲಿ, ಮಗಳು ಕುಂಕುಮ ಅಳಿಸಿಕೊಂಡು ಮನೆಯಲ್ಲಿ. ಆ ಮಗಳು ಆಯಿಯ ಜೊತೆ ಮಾತು ಬಿಟ್ಟಿದ್ದಳು. ಒಂದೇ ಒಲೆ, ಒಂದೇ ಕೋಣೆ, ಮಾತಿಲ್ಲ. ಹೋಳಿಗೆ ಮಾಡುವ ದಿನ ಮಗಳು ಹೊಲಕ್ಕೆ ಹೋಗಿಬಿಡುತ್ತಿದ್ದಳಂತೆ.

ಒಮ್ಮೆ ನಮ್ಮ ಅವ್ವ ತಡೆಯಲಾರದೆ, "ಮಗಳ ಸಂಸಾರಾನ ಹಾಳ ಮಾಡ್ಯಾನ, ಅಂವನ್ನ ನೋಡಾಕ ಹೆಂಗ ಬರ್ತೀಯವಾ?" ಅಂತ ಕೇಳಿಯೇಬಿಟ್ಟಳು. ಆಯಿ ಸಿಟ್ಟಾಗಲಿಲ್ಲ. "ಅಂವಾ ಮಾಡಿದ್ದು ಖರೇನ ಐತಿ. ಸುಳ್ಳು ಅಂತ ನಾ ಯಾರ ಮುಂದೂ ಅಂದಿಲ್ಲ. ಕೋರ್ಟಿನ್ಯಾಗೂ ಅನ್ನಲಿಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಪಶ್ಚಾತ್ತಾಪ ಆಗೇತೋ ಇಲ್ಲೋ, ಅದೂ ಗೊತ್ತಿಲ್ಲವಾ. ಜಾಳಗಿ ಆಚೆ ನಿಂತು ಎತ್ತು ಹೆಂಗ ಅದಾವು ಅಂತ ಕೇಳ್ತಾನ, ಅಕ್ಕ ಹೆಂಗ ಅದಾಳ ಅಂತ ಒಮ್ಮೆನೂ ಕೇಳಿಲ್ಲ" ಅಂದಳು.

ಇಂಥ ಮಗನನ್ನು ನಾಯಕ ಮಾಡಿ ಯಾರು ಸಿನಿಮಾ ತೆಗೆಯುತ್ತಾರೆ? ಎತ್ತಿನ ಬಗ್ಗೆ ಕೇಳುವವನನ್ನು? ನಾನಂತೂ ಟಿಕೆಟ್ ತೆಗೆದು ನೋಡುತ್ತೇನೆ. ಆ ಜಾಳಿಗೆಯ ಎರಡೂ ಕಡೆ ಕ್ಯಾಮೆರಾ ಇಟ್ಟು ಹತ್ತು ನಿಮಿಷ ತೋರಿಸಲಿ. ಅವನನ್ನು ಅಳಿಸಬೇಡಿ, ಕವಿತೆ ಓದಿಸಬೇಡಿ. ಕೊಂದವನ ಹೆಸರಿನ ಜೊತೆ ಸತ್ತವನ ಹೆಸರನ್ನೂ ಹೇಳಿ. ಟರ್ನರ್ ಎಂಬ ಕಾವಲುಗಾರನ ಮುಖ, ಎರಡೂವರೆ ತಾಸಿನ ಸಿನಿಮಾ ನೋಡಿ ಎರಡೇ ದಿನಕ್ಕೆ ನನಗೆ ನೆನಪಿಲ್ಲ. ಹಕ್ಕಿಗಳ ಒಂದೊಂದು ಪುಕ್ಕವೂ ನೆನಪಿದೆ.

ಇಷ್ಟನ್ನೂ ಮಗಳಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ: "ಆ ಅಕ್ಕ ಮಾತಾಡಿದಳಾ ಕಡೀಕ?"

ನಾನು ಕಂಡದ್ದು ಇಷ್ಟು. ನಾನು ಎಸ್ಸೆಸ್ಸೆಲ್ಸಿ ಓದುವಾಗ, ಸಂಕ್ರಾಂತಿ ಕಳೆದು ಒಂದೆರಡು ದಿನಕ್ಕೆ, ಆಯಿಯ ಜೊತೆ ಇನ್ನೊಬ್ಬಳು ಬಂದಳು. ಬಿಳಿಚಿದ ಮುಖ, ಬರಿ ಹಣೆ. ಜೈಲಿನ ಕಡೆ ಬೆನ್ನು ಹಾಕಿ ನಮ್ಮ ಬೆಂಚಿನ ಮೇಲೆ ಕೂತಳು. ಆಯಿ ಒಬ್ಬಳೇ ಒಳಗೆ ಹೋದಳು. ಹೊರಗೆ ಬರುವ ತನಕ ಆಕೆ ಅಲುಗಲಿಲ್ಲ, ಅಪ್ಪ ಕೊಟ್ಟ ಚಹಾ ಕೆನೆಗಟ್ಟಿತು. ಆಯಿ ಬಂದು ಪಕ್ಕದಲ್ಲಿ ಕೂತು ಗಂಟು ಬಿಚ್ಚಿದಳು. ನಮಗೆ ಕೊಡುವ ಮೊದಲು ಒಂದು ಹೋಳಿಗೆ ತೆಗೆದು ಬೆಂಚಿನ ಮೇಲೆ, ಆಕೆಯ ಮಗ್ಗುಲಲ್ಲಿ ಇಟ್ಟಳು. ಆಕೆ ಅದನ್ನು ನೋಡಲೂ ಇಲ್ಲ, ಸರಿಸಲೂ ಇಲ್ಲ. ಬಸ್ಸು ಬಂತು. ಆಯಿ ಚೀಲ ಎತ್ತಿಕೊಂಡಳು. ಆಕೆ ಎದ್ದು, ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಆ ಹೋಳಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು.